ಮಾಡಲಾಗದ ಪರೀಕ್ಷೆಗಳ ಲೆಕ್ಕ

ಹೋದ ತಿಂಗಳು ಪಕ್ಕದ ಮನೆಯ ಗರ್ಭಿಣಿ ಹುಡುಗಿಯ ಜೊತೆ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದೆ. ಲ್ಯಾಬಿನ ಕಿಟಕಿಗೆ ಒಂದು ಹಾಳೆ ಅಂಟಿಸಿದ್ದರು. ಥೈರಾಯ್ಡ್ ಪರೀಕ್ಷೆಯ ಕಿಟ್ ಮುಗಿದಿದೆ, ಬಂದ ಮೇಲೆ ತಿಳಿಸಲಾಗುವುದು ಎಂದು ಬಾಲ್‌ಪೆನ್ನಿನಲ್ಲಿ ಬರೆದಿತ್ತು. ಒಳಗೆ ಯಂತ್ರವೇನೋ ಇತ್ತು, ಮೇಲೆ ಬಟ್ಟೆ ಹೊದಿಸಿದ್ದರು. ಕಿಟಕಿಯಾಚೆಯ ಹುಡುಗ ಬಿಳಿ ಚೀಟಿಯ ಮೇಲೆ ಪರೀಕ್ಷೆಯ ಹೆಸರು ಗೀಚಿ, 'ಹೊರಗೆ ಮಾಡಿಸ್ಕೊಂಡು ಬನ್ನಿ' ಎಂದು ಚಾಚಿದ. ದನಿಯಲ್ಲಿ ಒರಟುತನವಿರಲಿಲ್ಲ. ಬೆಳಗಿನಿಂದ ಅದೇ ಮಾತು ಹೇಳಿ ದಣಿದಿದ್ದ, ಅಷ್ಟೆ. ಹುಡುಗಿಯ ತಾಯಿ ಸೆರಗಿನ ಗಂಟು ಬಿಚ್ಚಿ ನೋಟು ಎಣಿಸಿದಳು, ಮತ್ತೆ ಗಂಟು ಹಾಕಿದಳು. 'ಮುಂದಿನ ತಿಂಗಳು ಬಂದಾಗ ಮಾಡ್ಸಿದ್ರೆ ಆಗಲ್ವಾ?' ಎಂದು ನನ್ನನ್ನು ಕೇಳಿದಳು.

ಆಗುವುದಿಲ್ಲ. ಬಸುರಿನ ಮೊದಲ ತಿಂಗಳುಗಳಲ್ಲಿ ಕೂಸಿನ ಮಿದುಳು ಬೆಳೆಯುವುದು ತಾಯಿಯ ಥೈರಾಯ್ಡ್ ರಸದ ಆಸರೆಯಲ್ಲೇ. ಕೊರತೆಯಿದ್ದರೆ ಆಗಲೇ ತಿಳಿಯಬೇಕು, ಆಗಲೇ ಮಾತ್ರೆ ಶುರುವಾಗಬೇಕು. ನಾವು ಖಾಸಗಿ ಲ್ಯಾಬಿಗೆ ಹೋದೆವು, ದುಡ್ಡು ಕೊಟ್ಟೆವು, ಪರೀಕ್ಷೆ ಆಯಿತು. ಆದರೆ ಆ ಚೀಟಿ ನನ್ನ ಮನಸ್ಸಿನಿಂದ ಹೋಗಲಿಲ್ಲ. ನನ್ನ ಸೇವೆಯ ಬಹುಪಾಲನ್ನು ನಾನು ಅಂಥದೇ ಕಿಟಕಿಯ ಒಳಗೆ ಕಳೆದವಳು. ಅಂಥವೇ ಚೀಟಿಗಳನ್ನು ಬರೆದವಳು.

ಎಂಬತ್ತರ ದಶಕದ ಆರಂಭದಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಬೆಂಗಳೂರು ಜಿಲ್ಲೆಗೇ ಸೇರಿದ್ದವು. 1986ರಲ್ಲಿ ಬೆಂಗಳೂರು ಗ್ರಾಮಾಂತರವಾಯಿತು, 2007ರ ಆಗಸ್ಟಿನಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಈ ನಾಲ್ಕರಲ್ಲೊಂದು ಊರಿನ ಆಸ್ಪತ್ರೆಯಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿದೆ. ಲ್ಯಾಬ್ ಎಂದರೆ ಒಂದು ಕೋಣೆ, ಕಡಪಾ ಕಲ್ಲಿನ ಕಟ್ಟೆ, ಒಂದು ಸೂಕ್ಷ್ಮದರ್ಶಕ, ಸ್ಪಿರಿಟ್ ದೀಪ. ಕಿಟಕಿ ತೆರೆದರೆ ನೂಲು ತೆಗೆಯುವ ಫಿಲೇಚರ್‌ಗಳಿಂದ ಬೇಯುವ ರೇಷ್ಮೆಗೂಡಿನ ವಾಸನೆ ಒಳಗೆ ನುಗ್ಗುತ್ತಿತ್ತು. ಹೊಸಬರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಊರಿನವರಿಗೆ ಅದು ಅನ್ನದ ವಾಸನೆ.

ಸಾಮಾನು ಬೇಕೆಂದರೆ ಇಂಡೆಂಟ್ ಬರೆದು ಬೆಂಗಳೂರಿಗೆ ಕಳಿಸಬೇಕು. ಕೇಳಿದ್ದರಲ್ಲಿ ಅರ್ಧ ಬರುತ್ತಿತ್ತು, ಕೇಳದೇ ಇದ್ದದ್ದೂ ಒಮ್ಮೊಮ್ಮೆ ಬರುತ್ತಿತ್ತು. ಉಳಿದ ಸಾಲುಗಳ ಎದುರು ಕೆಂಪು ಶಾಯಿಯಲ್ಲಿ 'ನಿಲ್ ಸ್ಟಾಕ್'. ರಾಮನಗರ, ಚನ್ನಪಟ್ಟಣ ಮೈಸೂರು ರಸ್ತೆಯ ಮೇಲಿವೆ, ರೈಲೂ ಇದೆ. ಕನಕಪುರಕ್ಕೂ ಮಾಗಡಿಗೂ ಇಂದಿಗೂ ರೈಲಿಲ್ಲ, ಬಸ್ಸೇ ಗತಿ. ಒಂದು ಆಸ್ಪತ್ರೆಯಲ್ಲಿ ರಕ್ತದ ಗುಂಪು ನೋಡುವ ಸೀರಂ ಮುಗಿದರೆ ಇನ್ನೊಂದು ತಾಲ್ಲೂಕಿನಿಂದ ಕಡ ತರುವುದು ನಮ್ಮ ಪದ್ಧತಿ. ಥರ್ಮಾಸ್ ಫ್ಲಾಸ್ಕಿನಲ್ಲಿ ಐಸ್ ತುಂಬಿ, ನಡುವೆ ಪುಟ್ಟ ಸೀಸೆ ಇಟ್ಟು, ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ಯಾವ ಕಂಡಕ್ಟರೂ ಅದಕ್ಕೆ ಲಗೇಜ್ ಚೀಟಿ ಹರಿದದ್ದು ನನಗೆ ನೆನಪಿಲ್ಲ. ಡ್ರೈವರ್ ಪಕ್ಕದ ಎಂಜಿನ್ ಬಿಸಿಯಿಂದ ದೂರವಿಡಬೇಕೆಂದು ತೊಡೆಯ ಮೇಲಿಟ್ಟುಕೊಂಡು ಬಂದವರಿದ್ದರು. ಅವರು ಹೊತ್ತು ತಂದ ಸೀಸೆಯಿಂದ ಎಷ್ಟು ಬಾಣಂತಿಯರಿಗೆ ಸರಿಯಾದ ರಕ್ತ ಸಿಕ್ಕಿತೋ, ಅವರಿಗೆ ಗೊತ್ತಾಗಲೇ ಇಲ್ಲ.

ನನಗೆ ಕೆಲಸ ಕಲಿಸಿದ ಹಿರಿಯ ಟೆಕ್ನಿಷಿಯನ್ ಬಹಳ ಮಾತಿನವರಲ್ಲ. ಬೆನೆಡಿಕ್ಟ್ ದ್ರಾವಣ ಖಾಲಿಯಾದರೆ ತಾವೇ ಕಾಯಿಸಿ ಮಾಡುತ್ತಿದ್ದರು. ಒಂದು ಲೀಟರಿಗೆ 17.3 ಗ್ರಾಂ ಮೈಲುತುತ್ತ, 173 ಗ್ರಾಂ ಸೋಡಿಯಂ ಸಿಟ್ರೇಟ್, 100 ಗ್ರಾಂ ಸೋಡಿಯಂ ಕಾರ್ಬೋನೇಟ್. ಐದು ಮಿಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕುದಿಸಿದರೆ ಸಕ್ಕರೆ ಇಲ್ಲದವರದು ನೀಲಿಯಾಗೇ ಉಳಿಯುತ್ತದೆ. ಇದ್ದವರದು ಹಸಿರು, ಹಳದಿ, ಕಿತ್ತಳೆ ದಾಟಿ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ದ್ರಾವಣ ಕಡಿಮೆಯಿದ್ದರೆ ಎರಡೂವರೆ ಮಿಲಿಗೆ ನಾಲ್ಕು ಹನಿ. 'ಪ್ರಮಾಣ ಕೆಡಬಾರದು, ಉಳಿದದ್ದನ್ನ ಹೇಗಾದ್ರೂ ನಿಭಾಯಿಸಬಹುದು' ಎನ್ನುತ್ತಿದ್ದರು. ಆ ಒಂದು ಮಾತಿನಲ್ಲಿ ಅವರ ವಿದ್ಯೆಯೆಲ್ಲ ಇತ್ತು.

ರಕ್ತಹೀನತೆ ನೋಡಲು ಸಾಹ್ಲಿ ಕೊಳವೆ. ಆಮ್ಲದಲ್ಲಿ ರಕ್ತ ಬೆರೆಸಿ, ಹತ್ತು ನಿಮಿಷ ಬಿಟ್ಟು, ಡಿಸ್ಟಿಲ್ಡ್ ವಾಟರ್ ಹನಿಹನಿಯಾಗಿ ಸೇರಿಸುತ್ತ ಕಂದು ಗಾಜಿನ ಬಣ್ಣಕ್ಕೆ ಹೊಂದಿಸಬೇಕು. ಆ ನೀರೂ ಮುಗಿದ ದಿನ ಬಸ್‌ಸ್ಟ್ಯಾಂಡ್ ಪಕ್ಕದ ಗ್ಯಾರೇಜಿನಿಂದ ಬ್ಯಾಟರಿಗೆ ಹಾಕುವ ನೀರು ತರುತ್ತಿದ್ದೆವು. ಫಿಲೇಚರ್ ಹೆಂಗಸರು ಬಂದರೆ ಬೆರಳು ಚುಚ್ಚುವುದೇ ಕಷ್ಟ. ದಿನವಿಡೀ ಕುದಿನೀರಿನಲ್ಲಿ ಗೂಡಿನ ಎಳೆ ಹುಡುಕಿದ ಬೆರಳ ತುದಿ ಬಿಳಿಚಿ ಸುಕ್ಕಾಗಿರುತ್ತಿತ್ತು. ಎಡಗೈಯ ಉಂಗುರ ಬೆರಳನ್ನು ಒಣಬಟ್ಟೆಯಲ್ಲಿ ಸುತ್ತಿ, ಸ್ವಲ್ಪ ಹೊತ್ತು ಕೂರಿಸಿ, ಆಮೇಲೆ ಚುಚ್ಚುತ್ತಿದ್ದೆ. ರಕ್ತ ನೀರಿನಂತೆ ತೆಳ್ಳಗೆ ಬರುತ್ತಿತ್ತು. ಕೊಳವೆ ನೋಡುವ ಮೊದಲೇ ಉತ್ತರ ಗೊತ್ತಾಗುತ್ತಿತ್ತು.

ಮಲೇರಿಯಾ ಸ್ಲೈಡುಗಳು ಹಳ್ಳಿಗಳಿಂದ ಕಟ್ಟುಗಟ್ಟಲೆ ಬರುತ್ತಿದ್ದವು. ಅವುಗಳಿಗೆ ಜೆಎಸ್‌ಬಿ ಬಣ್ಣ. ಅದರ ಹಿಂದಿನ ಕಥೆಯನ್ನು ಹಿರಿಯರೇ ಹೇಳಿದ್ದು. ಎರಡನೆಯ ಮಹಾಯುದ್ಧದ ಕಾಲ, 1944ರಲ್ಲಿ ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ ಎಂಬ ನಮ್ಮವರೇ ಇಬ್ಬರು ನೀರಿನಲ್ಲೇ ಕರಗುವ ಈ ಬಣ್ಣವನ್ನು ಪ್ರಕಟಿಸಿದರು. ಹೊರಗಿನ ದುಬಾರಿ ಬಣ್ಣಗಳಿಗೆ ಕಾಯದೆ ದೇಶದ ಮೂಲೆಮೂಲೆಯ ಲ್ಯಾಬುಗಳು ಅದರಿಂದ ದಶಕಗಟ್ಟಲೆ ಮಲೇರಿಯಾ ಹುಡುಕಿದವು. ಅದಕ್ಕೆ ಒಂದು ವರ್ಷ ಮುಂಚೆ, 1943ರಲ್ಲಿ, ಅಮೆರಿಕದಲ್ಲಿ ರಾಬರ್ಟ್ ಡಾರ್ಫ್‌ಮನ್ ಎಂಬಾತ ಸೈನ್ಯಕ್ಕೆ ಸೇರುವವರ ಸಿಫಿಲಿಸ್ ಪರೀಕ್ಷೆಗೆ ಒಂದು ಉಪಾಯ ಸೂಚಿಸಿದ್ದ. ಹಲವರ ರಕ್ತವನ್ನು ಬೆರೆಸಿ ಒಂದೇ ಪರೀಕ್ಷೆ ಮಾಡುವುದು, ದೋಷ ಕಂಡ ಗುಂಪನ್ನು ಮಾತ್ರ ಒಬ್ಬೊಬ್ಬರಾಗಿ ನೋಡುವುದು. ಕೊರತೆಗೆ ವಿಜ್ಞಾನ ಕೊಟ್ಟ ಪ್ರಾಮಾಣಿಕ ಉತ್ತರಗಳು ಇವು. ಲೆಕ್ಕ ಹಾಕಿ, ತಾಳೆ ನೋಡಿ, ಎಲ್ಲರಿಗೂ ಗೊತ್ತಾಗುವಂತೆ ಬರೆದಿಟ್ಟ ಉತ್ತರಗಳು.

ನಮ್ಮಂಥ ಲ್ಯಾಬುಗಳಲ್ಲಿ ಬೇರೆ ತರದ ಉತ್ತರಗಳೂ ಇದ್ದವು. ಮೂತ್ರದ ಸ್ಟ್ರಿಪ್ಪನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಒಂದನ್ನು ಎರಡು ಮಾಡುವುದು ಬಹಳ ಕಡೆ ರೂಢಿಯಲ್ಲಿತ್ತು. ಟೈಫಾಯ್ಡ್ ಪತ್ತೆಯ ವಿಡಾಲ್ ಪರೀಕ್ಷೆಯ ಸೀಸೆ ತೆರೆದರೆ ಬೇಗ ಕೆಡುತ್ತದೆಂದು ವಾರಕ್ಕೊಂದೇ ದಿನ ಎಲ್ಲ ಜ್ವರದವರ ರಕ್ತವನ್ನೂ ಒಟ್ಟಿಗೆ ನೋಡುವುದಿತ್ತು. ಜ್ವರ ವಾರ ಕಾಯುತ್ತದೆಯೇ? ಮುಂದೆ ರಕ್ತ ಪರೀಕ್ಷೆಗೆ ಎಲೈಸಾ ಕಿಟ್ ಬಂದಾಗಲೂ ಇದೇ ಕಥೆ. ತಟ್ಟೆಯಲ್ಲಿ 96 ಕುಳಿಗಳು. ನಾಲ್ಕಾರು ಜನರಿಗಾಗಿ ಕಿಟ್ ತೆರೆದರೆ ಉಳಿದದ್ದು ದಂಡ, ತೆರೆಯದಿದ್ದರೆ ಬಂದವರು ಕಾಯಬೇಕು.

ಯಾರಿಗೆ ಮೊದಲು ಎಂಬ ಪ್ರಶ್ನೆಗೆ ನಮ್ಮ ಡಾಕ್ಟರ ಬಳಿ ಒಂದು ಕ್ರಮವಿತ್ತು. ಹೆರಿಗೆಗೆ ಬಂದವರು, ಆಪರೇಷನ್‌ಗೆ ಹೋಗುವವರು, ಜ್ವರದ ಮಕ್ಕಳು, ಆಮೇಲೆ ಉಳಿದವರು. ಯಾರ ಶಿಫಾರಸು ಬಂದರೂ ಅದನ್ನು ಅವರು ಬದಲಿಸಲಿಲ್ಲ. ಒಮ್ಮೆ ಊರಿನ ದೊಡ್ಡವರೊಬ್ಬರು ತಮ್ಮ ಸಕ್ಕರೆ ನೋಡಿಸಿಕೊಳ್ಳಲು ಬಂದು ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತದ್ದನ್ನು ನಾನು ಕಂಡಿದ್ದೇನೆ.

ಆ ಡಾಕ್ಟರ ಮೇಜಿನ ಖಾನೆಯಲ್ಲಿ ಬೀಗ ಹಾಕಿದ ಒಂದು ಡಬ್ಬಿ ಇತ್ತು. ಒಳಗೆ ಹೊಸ ಗಾಜಿನ ಟೆಸ್ಟ್‌ಟ್ಯೂಬುಗಳು. ಲ್ಯಾಬಿನ ಬಳಕೆಗೆ ಅವನ್ನು ಮುಟ್ಟುವಂತಿರಲಿಲ್ಲ. ರಾಗಿ ಕೊಯ್ಲಿನ ಕಾಲದಲ್ಲಿ ಅದೇಕೆಂದು ಅರ್ಥವಾಗುತ್ತಿತ್ತು. ಕೊಳಕುಮಂಡಲ ಕಚ್ಚಿದವರನ್ನು ಗಾಡಿಯಲ್ಲೋ ಸೈಕಲ್ಲಿನಲ್ಲೋ ತರುತ್ತಿದ್ದರು. ವಿಷ ರಕ್ತಕ್ಕೆ ಇಳಿದಿದೆಯೇ ಎಂದು ತಿಳಿಯಲು ಯಂತ್ರ ಬೇಡ, ಕಿಟ್ ಬೇಡ. ಎರಡು ಮಿಲಿ ರಕ್ತವನ್ನು ಹೊಸ, ಒಣ ಗಾಜಿನ ಕೊಳವೆಗೆ ಹಾಕಿ ಅಲುಗಿಸದೆ ಇಪ್ಪತ್ತು ನಿಮಿಷ ಇಡುವುದು, ಆಮೇಲೆ ಓರೆ ಮಾಡಿ ನೋಡುವುದು. ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆ, ಪ್ರತಿವಿಷ ಕೊಡಬೇಕು. ಸೋಪಿನಲ್ಲಿ ತೊಳೆದ ಕೊಳವೆಯಾದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಮೋಸ ಮಾಡಬಹುದು. ಪ್ಲಾಸ್ಟಿಕ್ ಕೊಳವೆಯನ್ನೂ ನಂಬುವಂತಿಲ್ಲ. ಮುಂದೆ ಆಸ್ಪತ್ರೆಗಳಿಗೆಲ್ಲ ರಕ್ತ ತೆಗೆಯುವ ಪ್ಲಾಸ್ಟಿಕ್ ವ್ಯಾಕ್ಯುಟೈನರ್ ಕೊಳವೆ ಬಂದು ಗಾಜು ಮರೆಯಾದಾಗ, ಎಷ್ಟೋ ಕಡೆ ಈ ಅಗ್ಗದ ಪರೀಕ್ಷೆಗೆ ಬೇಕಾದ ಕೊಳವೆಯೇ ಸಿಗದಾಯಿತು. ಇಂಡೆಂಟಿನಲ್ಲಿ ದೊಡ್ಡ ಸಾಮಾನುಗಳ ನಡುವೆ ಅಂಥ ಚಿಕ್ಕ ವಸ್ತು ಕಣ್ಣಿಗೆ ಬೀಳುವುದಿಲ್ಲ. ಕೊರತೆ ಎಂದರೆ ಎಲ್ಲರೂ ದೊಡ್ಡ ಯಂತ್ರವನ್ನು ನೆನೆಯುತ್ತಾರೆ. ನಾನು ಆ ಡಬ್ಬಿಯನ್ನು ನೆನೆಯುತ್ತೇನೆ.

ನಮ್ಮ ಸೀಮೆಯಲ್ಲೇ ಪರೀಕ್ಷೆ ಎಂದೂ ತಪ್ಪದ ಜಾಗವೊಂದಿತ್ತು. ಅದು ರೇಷ್ಮೆ ಮೊಟ್ಟೆ ಕೇಂದ್ರ. ರೇಷ್ಮೆಹುಳುವಿನ ಪೆಬ್ರಿನ್ ರೋಗ, ರೈತರ ಬಾಯಲ್ಲಿ ಗಂಟುರೋಗ, ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ರೇಷ್ಮೆಯನ್ನು ಈ ರೋಗ ಮುಗಿಸುತ್ತಿದ್ದಾಗ ಲೂಯಿ ಪಾಶ್ಚರ್ ಕಂಡುಕೊಂಡ ದಾರಿ ಇಂದಿಗೂ ನಡೆದಿದೆ. ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ಸುಡುವುದು. ನನ್ನ ಪರಿಚಯದ ಹೆಣ್ಣುಮಗಳೊಬ್ಬಳು ಮೊಟ್ಟೆ ಕೇಂದ್ರದಲ್ಲಿ ಆ ಕೆಲಸಕ್ಕಿದ್ದಳು. ಪರೀಕ್ಷೆಯಾಗದೆ ಮೊಟ್ಟೆ ಹೊರಗೆ ಹೋಗುವ ಮಾತೇ ಇಲ್ಲ ಎನ್ನುತ್ತಿದ್ದಳು. ಒಂದು ಬೆಳೆ ಹೋದರೆ ರೈತ ಕೇಳುತ್ತಾನೆ, ಮಾರುಕಟ್ಟೆ ಕೇಳುತ್ತದೆ. ಅದೇ ಊರಿನ ಆಸ್ಪತ್ರೆಯಲ್ಲಿ ಬಸುರಿ ಹೆಂಗಸು ರಕ್ತ ಪರೀಕ್ಷೆಯಾಗದೆ ಮನೆಗೆ ಹೋದರೆ ಕೇಳುವವರಿರಲಿಲ್ಲ. ಈ ವ್ಯತ್ಯಾಸ ಅಂದು ನನ್ನನ್ನು ಕಾಡಿತ್ತು. ಇಂದೂ ಕಾಡುತ್ತದೆ.

ಕೇಳುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ತುಮಕೂರು ಜಿಲ್ಲೆಯದೇ ಹಳೆಯ ಸಾಕ್ಷಿಯಿದೆ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂದು ದೂರುತ್ತಿದ್ದ ಕಾಲ. ಈ ಇಬ್ಬರು ಸಂಶೋಧಕರು ಕಂಡದ್ದೇ ಬೇರೆ. ಕಫದಲ್ಲಿ ಕ್ಷಯದ ಕ್ರಿಮಿ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಗಳ ಬಾಗಿಲಿಗೆ ಹೋಗಿ ಬಂದಿದ್ದರು. ಕೆಮ್ಮಿನ ಔಷಧದ ಸೀಸೆ ಕೊಟ್ಟು ಕಳಿಸಿದ್ದರು. ಕಫ ನೋಡಿದವರಿಲ್ಲ.

2020 ಬಂದಾಗ ನನ್ನ ಸೇವೆ ಕೊನೆಯ ಹಂತದಲ್ಲಿತ್ತು. ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯ ವೃದ್ಧರದು. ಮಾರ್ಚ್ 10ರಂದು ಅವರು ತೀರಿಕೊಂಡರು, ಸೋಂಕು ಇತ್ತೆಂಬ ವರದಿ ಹೊರಬಿದ್ದದ್ದು ಮಾರ್ಚ್ 12ರಂದು. ನಮ್ಮ ಜಿಲ್ಲೆಯಲ್ಲಿ ಆಗ ಕೊರೊನಾ ಪರೀಕ್ಷಿಸುವ ಲ್ಯಾಬ್ ಇರಲಿಲ್ಲ. ಗಂಟಲ ದ್ರವವನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಬೆಂಗಳೂರಿಗೆ ಕಳಿಸುತ್ತಿದ್ದೆವು. ಸ್ವಾಬ್ ಕಡ್ಡಿ, ಅದನ್ನು ಅದ್ದಿಡುವ ದ್ರವದ ಕೊಳವೆ, ಆರ್‌ಎನ್‌ಎ ತೆಗೆಯುವ ಕಿಟ್, ಒಂದಿದ್ದರೆ ಒಂದಿಲ್ಲ. ಜಗತ್ತೆಲ್ಲ ಒಂದೇ ಸಲ ಅದೇ ಸಾಮಾನಿಗೆ ಕೈ ಚಾಚಿತ್ತು. ಏಪ್ರಿಲಿನಲ್ಲಿ ಬೆಂಗಳೂರಿನ ಪಾದರಾಯನಪುರದಲ್ಲಿ ಕ್ವಾರಂಟೈನಿಗೆ ಕರೆದೊಯ್ಯಲು ಬಂದವರ ಮೇಲೆ ನಡೆದ ಗಲಾಟೆಯಲ್ಲಿ ಬಂಧಿತರಾದವರನ್ನು ರಾಮನಗರದ ಜೈಲಿಗೆ ತಂದು, ಅವರಲ್ಲಿ ಕೆಲವರಿಗೆ ಸೋಂಕು ಕಂಡು, ಮತ್ತೆ ಬೆಂಗಳೂರಿನ ಹಜ್ ಭವನಕ್ಕೆ ಸಾಗಿಸಿದಾಗ ಊರು ನಡುಗಿತು. ಅಷ್ಟಾದರೂ ಮೇ ಮೊದಲ ದಿನದ ಕೋವಿಡ್ ವಲಯಗಳ ಪಟ್ಟಿಯಲ್ಲಿ ರಾಮನಗರ ಹಸಿರು, ಎಂದರೆ ಸೋಂಕಿಲ್ಲದ, ವಲಯ.

ಆ ತಿಂಗಳುಗಳಲ್ಲಿ ಕೊರತೆಗೆ ಲೆಕ್ಕ ಹಾಕಿ ಕೊಟ್ಟ ಉತ್ತರ, ಹೇಗೋ ಹೊಂದಿಸಿದ ಉತ್ತರ, ಎರಡೂ ಬಗೆಯವನ್ನು ದೇಶವೇ ಕಂಡಿತು. ಏಪ್ರಿಲ್ 13ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್), ಸೋಂಕು ವಿರಳವಾಗಿರುವ ಕಡೆ ಐದು ಮಾದರಿಗಳವರೆಗೆ ಬೆರೆಸಿ ಪರೀಕ್ಷಿಸಬಹುದೆಂದಿತು. ಅದು ಡಾರ್ಫ್‌ಮನ್ನನ ಹಳೆಯ ಲೆಕ್ಕವೇ. ಗೋವಾದಲ್ಲಿ ತಯಾರಾದ, ಕ್ಷಯ ಪತ್ತೆಗೆಂದು ಇದ್ದ ಟ್ರೂನ್ಯಾಟ್ ಯಂತ್ರಗಳನ್ನು ಕೋವಿಡ್‌ಗೆ ಹೂಡಿದರು. ಇನ್ನೊಂದು ಕಡೆ, ಅವಸರದಲ್ಲಿ ಚೀನಾದಿಂದ ತರಿಸಿದ ರ‍್ಯಾಪಿಡ್ ಆ್ಯಂಟಿಬಾಡಿ ಕಿಟ್‌ಗಳ ಫಲಿತಾಂಶ ಒಂದಕ್ಕೊಂದು ತಾಳೆಯಾಗದೆ ಅದೇ ತಿಂಗಳ ಕೊನೆಗೆ ಅವನ್ನು ಹಿಂದಿರುಗಿಸಬೇಕಾಯಿತು. ಆದರೆ ಟ್ರೂನ್ಯಾಟ್ ಕೋವಿಡ್‌ಗೆ ಹೋದಾಗ, ಸಿಬ್ಬಂದಿಯೂ ಅದಕ್ಕೇ ಹೋದಾಗ, ಕ್ಷಯದವರ ಕಫ ಯಾರು ನೋಡಿದರು? 2019ರಲ್ಲಿ ದೇಶದಲ್ಲಿ ದಾಖಲಾದ ಕ್ಷಯರೋಗಿಗಳು ಸುಮಾರು 24 ಲಕ್ಷ, 2020ರಲ್ಲಿ ಸುಮಾರು 18 ಲಕ್ಷ. ಆರು ಲಕ್ಷ ಜನರ ಕಾಯಿಲೆ ಆ ವರ್ಷ ತಾನಾಗಿ ವಾಸಿಯಾಗಲಿಲ್ಲ. ಲಾಕ್‌ಡೌನಿನಲ್ಲಿ ಅವರಿಗೆ ಲ್ಯಾಬಿನವರೆಗೆ ಬರಲಾಗಲಿಲ್ಲ, ಬಂದವರೆಲ್ಲರ ಕಫ ನೋಡಲು ಲ್ಯಾಬಿಗೂ ಆಗಲಿಲ್ಲ.

ನಿವೃತ್ತಿಯ ಮೇಲೆ ಕೂತು ಯೋಚಿಸಿದಾಗ, ನಾವು ಅಷ್ಟು ಅಭಿಮಾನದಿಂದ ಹೇಳಿಕೊಳ್ಳುತ್ತಿದ್ದ 'ಹೊಂದಿಸಿಕೊಂಡು ಹೋದೆವು' ಎಂಬ ಮಾತಿನ ಇನ್ನೊಂದು ಮುಖ ಕಾಣಿಸುತ್ತದೆ. ಬ್ಯಾಟರಿ ನೀರು ತಂದವರು, ಫ್ಲಾಸ್ಕ್ ಹೊತ್ತವರು, ಡಬ್ಬಿಗೆ ಬೀಗ ಹಾಕಿದವರು, ಇವರೆಲ್ಲರ ಬಗ್ಗೆ ನನ್ನ ಗೌರವ ಒಂದಿಷ್ಟೂ ಕುಗ್ಗಿಲ್ಲ. ಆದರೆ ಲ್ಯಾಬ್ ರಿಜಿಸ್ಟರಿನಲ್ಲಿ ನಾವು ಬರೆಯುತ್ತಿದ್ದದ್ದು ಆದ ಪರೀಕ್ಷೆಗಳನ್ನು ಮಾತ್ರ. ಆಗದೆ ಹೋದವಕ್ಕೆ ಕಾಲಮ್ಮೇ ಇರಲಿಲ್ಲ. ಚೀಟಿ ಹಿಡಿದು ಹೊರಗೆ ಹೋದವರ, ದುಡ್ಡಿಲ್ಲದೆ ಮನೆಗೆ ಹೋದವರ ಹೆಸರು ಎಲ್ಲೂ ಇಲ್ಲ. ಮರುವರ್ಷದ ಹಂಚಿಕೆಯನ್ನು ಮೇಲಿನವರು ಲೆಕ್ಕ ಹಾಕುತ್ತಿದ್ದದ್ದು ಹಿಂದಿನ ವರ್ಷದ ಬಳಕೆಯಿಂದ. ಕಿಟ್ ಬಂದಿಲ್ಲವಾದ್ದರಿಂದ ಬಳಕೆ ಕಡಿಮೆ, ಬಳಕೆ ಕಡಿಮೆಯಾದ್ದರಿಂದ ಮುಂದಿನ ವರ್ಷ ಇನ್ನೂ ಕಡಿಮೆ. ಕೊರತೆಯೇ ಕೊರತೆಗೆ ಆಧಾರವಾಗುತ್ತಿತ್ತು. ನಮ್ಮ ಜಾಣತನ ರೋಗಿಗಳನ್ನು ಆ ದಿನದ ಮಟ್ಟಿಗೆ ಕಾಪಾಡಿತು, ಕೊರತೆಯನ್ನು ಮಾತ್ರ ಮೇಲಿನವರ ಕಣ್ಣಿಂದ ಮರೆಮಾಡಿತು.

ಈಗ ಎಷ್ಟೋ ಬದಲಾಗಿದೆ. ಬಾಯಿಂದ ರಕ್ತ ಹೀರುವ ಪಿಪೆಟ್ ಹೋಯಿತು, ಸಿರಿಂಜ್ ಕುದಿಸುವ ಸ್ಟವ್ ಹೋಯಿತು. ಆರೋಗ್ಯ ರಕ್ಷಾ ಸಮಿತಿಗಳ ಹಣದಿಂದ ಚಿಕ್ಕಪುಟ್ಟ ಸಾಮಾನನ್ನು ಊರಲ್ಲೇ ಕೊಳ್ಳಬಹುದು. ವಿಶ್ವ ಆರೋಗ್ಯ ಸಂಸ್ಥೆ ಅಗತ್ಯ ಔಷಧಗಳ ಪಟ್ಟಿ ಮಾಡಿದ್ದು 1977ರಲ್ಲಿ, ಅಗತ್ಯ ಪರೀಕ್ಷೆಗಳ ಪಟ್ಟಿ ಮಾಡಿದ್ದು 2018ರಲ್ಲಿ. ಮದ್ದು ಬೇಕೆಂದು ಒಪ್ಪಿದ ಜಗತ್ತಿಗೆ, ರೋಗ ಯಾವುದೆಂದು ಮೊದಲು ತಿಳಿಯಬೇಕೆಂದು ಒಪ್ಪಲು ಇನ್ನೂ 41 ವರ್ಷ ಬೇಕಾಯಿತು. ನಮ್ಮ ದೇಶ 2019ರಲ್ಲಿ ತನ್ನದೇ ಪಟ್ಟಿ ಹೊರತಂದಿತು. ಯಾವ ಮಟ್ಟದ ಆಸ್ಪತ್ರೆಯಲ್ಲಿ ಯಾವ ಪರೀಕ್ಷೆ ಇರಲೇಬೇಕೆಂದು ಅದರಲ್ಲಿದೆ. ಇದು ಸಣ್ಣ ಮಾತಲ್ಲ. ಆದರೆ ಹೊಸ ಯಂತ್ರಗಳಲ್ಲಿ ಹಲವಕ್ಕೆ ಅದದೇ ಕಂಪನಿಯ ರೀಏಜೆಂಟ್ ಬೇಕು. ನಮ್ಮ ಹಿರಿಯರಂತೆ ಮೈಲುತುತ್ತ ತೂಗಿ ಕಾಯಿಸಿ ಮಾಡಿಕೊಳ್ಳಲಾಗದು, ಪಕ್ಕದ ತಾಲ್ಲೂಕಿನಿಂದ ಕಡ ತಂದರೂ ಅಲ್ಲಿನದು ಇಲ್ಲಿಗೆ ಹೊಂದದು. ಹಾಗಾಗಿ ಇಂದಿನ ಕಿಟಕಿಯ ಹುಡುಗನಿಗೆ ಹೊಂದಿಸಿಕೊಳ್ಳುವ ದಾರಿಯೇ ಕಡಿಮೆ. ಅವನನ್ನು ಬೈದು ಫಲವಿಲ್ಲ.

ಸರ್ಕಾರಿ ಲ್ಯಾಬಿನ ಪ್ರತಿ ರಿಜಿಸ್ಟರಿನಲ್ಲೂ ಒಂದು ಕಾಲಮ್ ಹೆಚ್ಚಾಗಬೇಕು: ಸಾಮಗ್ರಿ ಇಲ್ಲದೆ ಮಾಡಲಾಗದ ಪರೀಕ್ಷೆ. ಮುಂದಿನ ವರ್ಷದ ಹಂಚಿಕೆ ಅದನ್ನೂ ಸೇರಿಸಿ ಆಗಬೇಕು. ಓದುವ ನಿಮ್ಮಲ್ಲಿಯೂ ಒಂದು ಕೋರಿಕೆ. ನಿಮಗೋ ನಿಮ್ಮವರಿಗೋ 'ಹೊರಗೆ ಮಾಡಿಸಿ' ಎಂಬ ಚೀಟಿ ಸಿಕ್ಕರೆ, ಜಗಳವಾಡಬೇಡಿ. ಅದರ ಮೇಲೆ 'ಕಿಟ್ ಇಲ್ಲದ ಕಾರಣ' ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿಕೊಡಲು ವಿನಯದಿಂದ ಕೇಳಿ. ಅದರ ಒಂದು ಪ್ರತಿಯನ್ನು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಕೊಡಿ, ಇನ್ನೊಂದನ್ನು ನಿಮ್ಮ ಶಾಸಕರ ಕಚೇರಿಗೆ ತಲುಪಿಸಿ. ನೂರು ಚೀಟಿ ಒಂದೆಡೆ ಸೇರಿದರೆ ಅದು ದಾಖಲೆಯಾಗುತ್ತದೆ, ಇಂಡೆಂಟಿಗೆ ಅದಕ್ಕಿಂತ ಬಲವಾದ ಆಧಾರ ಬೇರೆ ಬೇಕಿಲ್ಲ.